ಎಪ್ಪತ್ತೆಂಟು ಅಡಿಯ ಗೆರೆ

"ನಿಮ್ಮ ಲೆಕ್ಕದ ಬಾಯಿಗೆ ಮಣ್ಣು ಬೀಳ. ನನ್ನ ಮಗನ್ನ ನುಂಗಿ ನೀರು ಕುಡೀತಲ್ಲಮ್ಮಾ ಅದು."

ಇಮಾಂಬೀ ಕೇಳದೆ ಕರೆಯದೆ ನಡುಮನೆಗೇ ನುಗ್ಗಿದ್ದಳು. ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಏಕನಾಥಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಮಕ್ಕಳ ಪರೀಕ್ಷೆ ಪತ್ರಿಕೆ ತಿದ್ದುತ್ತಾ ಕುಳಿತಿದ್ದಳು. ಕೆಂಪು ಪೆನ್ನು ಕೆಳಗಿಟ್ಟಳು.

"ನಾಲಿಗೆ ಹಿಡಿತದಲ್ಲಿರಲಿ. ಇದು ನನ್ನ ಮನೆ."

"ನಿಮಗೆ ಮನೆಯಾದ್ರೂ ಐತೆ. ನನ್ನ ಮಗ ಎಲ್ಲವ್ನೆ? ದುರ್ಗದ ಜೈಲ್ನಾಗವ್ನೆ. ಪೋಲೀಸ್ನೋರು ಹಾಕಿದ್ರು ಅಂತ ಊರೆಲ್ಲ ಹೇಳ್ತೈತೆ. ಸುಳ್ಳು. ನೀವು ಹಾಕಿದ್ದು. ಒಂದು ಹಾಳೆ ಮೇಲೆ ಅದೇನೋ ಗೀಚಿ ರುಜು ಹಾಕಿ ಕೊಟ್ರಿ. ಅದನ್ನ ಹಿಡ್ಕಂಡು ಅವರು ಕೋರ್ಟಿಗೆ ಹೋದ್ರು."

ಅದು ಸುಳ್ಳಾಗಿರಲಿಲ್ಲ. ಹನ್ನೆರಡು ದಿನದ ಹಿಂದೆ, ಬೆಳಕು ಹರಿಯುವ ಹೊತ್ತಿನಲ್ಲಿ, ಆದಿವಾಲದ ಗೇಟಿನ ಹತ್ತಿರ ಪೂನಾ ರಸ್ತೆಯ ಮೇಲೆ ಕುರಿಗಾರ ಗುಡ್ಡಪ್ಪ ಸತ್ತು ಬಿದ್ದಿದ್ದ. ಅವನ ಹೆಣದ ಮುಂದೆ ನಿಂತಿದ್ದದ್ದು ಇಮಾಂಬೀಯ ಮಗ ದಿಲಾವರ್ ಓಡಿಸುತ್ತಿದ್ದ ಖಾಲಿ ಲಾರಿ. ಹೆಣದವರೆಗೂ ಟಾರಿನ ಮೇಲೆ ಟೈರು ಉಜ್ಜಿದ ಕಪ್ಪು ಗೆರೆ. ದುರ್ಗದಿಂದ ಬರಬೇಕಾದ ಮೋಟಾರು ಇನ್‌ಸ್ಪೆಕ್ಟರು ಬರಲಿಲ್ಲ. ಹಿರಿಯೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಶಿವಕುಮಾರಪ್ಪ ಹೈಸ್ಕೂಲಿನ ವಿಜ್ಞಾನದ ಟೀಚರು ಏಕನಾಥಮ್ಮನಿಗೆ ಹೇಳಿ ಕಳಿಸಿದ್ದ. ಹೋದ ವರ್ಷ ಠಾಣೆಯ ಎರಡು ಕೇಸಿನ ಗಂಟುಗಳನ್ನು ಬಿಡಿಸಿ ಕೊಟ್ಟಿದ್ದವಳು ಅವಳೇ.

ಅವಳು ಕಾಟಾಚಾರಕ್ಕೆ ಕೆಲಸ ಮಾಡುವ ಹೆಂಗಸಲ್ಲ. ಹಳೇ ಲಾರಿ ಟೈರಿನ ತುಂಡಿಗೆ ಕಲ್ಲು ಕಟ್ಟಿ, ಅದೇ ರಸ್ತೆಯ ಮೇಲೆ ಕೊಕ್ಕೆ ತಕ್ಕಡಿಯಿಂದ ಎಳೆದು, ಹತ್ತು ಕಿಲೋ ತೂಕ ಎಳೆಯಲು ಆರು ಕಿಲೋ ಜಗ್ಗಬೇಕು ಎಂದು ಕಂಡುಕೊಂಡಿದ್ದಳು. ಆಮೇಲೆ ಟೇಪು ಹಿಡಿದು ಗೆರೆ ಅಳೆದಿದ್ದಳು. ಎಪ್ಪತ್ತೆಂಟು ಅಡಿ. ಆಮೇಲೆ ಲೆಕ್ಕ.

"ನೋಡು ಇಮಾಂಬೀ, ಲೆಕ್ಕಕ್ಕೆ ನಿನ್ನ ಮಗನ ಮುಖ ಗೊತ್ತಿಲ್ಲ. ನನ್ನ ಮುಖವೂ ಗೊತ್ತಿಲ್ಲ. ಓಡೋ ಲಾರಿ ಮೈಯಾಗೆ ಇಷ್ಟು ಅಂತ ಶಕ್ತಿ ಇರ್ತೈತೆ. ಅದು ನಿಲ್ಲಬೇಕು ಅಂದ್ರೆ ಅಷ್ಟನ್ನೂ ಟೈರು ರಸ್ತೆಗೆ ಉಜ್ಜಿ ಕಳೀಬೇಕು. ಉಜ್ಜೋ ಬಲಕ್ಕೆ ಉಜ್ಜಿದ ದೂರ ಗುಣಿಸಿದ್ರೆ ಅದೇ ಕೆಲಸ. ಎಪ್ಪತ್ತೆಂಟು ಅಡಿ ಉಜ್ಜೈತೆ ಅಂದ್ರೆ ಗಂಟೆಗೆ ಅರವತ್ತು ಕಿಲೋಮೀಟರ್ನಾಗೆ ಬಂದೈತೆ. ಕುರಿ ದಾಟೋ ಜಾಗದಾಗೆ ಅರವತ್ತು. ನಾನೇನು ಮಾಡ್ಲಿ?"

"ಅರವತ್ತಾ?" ಇಮಾಂಬೀ ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಎಡಗಾಲಿ ಬ್ರೇಕೇ ಸತ್ತಿರೋ ಲಾರಿನ ಯಾವ ತಾಯಿ ಮಗ ಅರವತ್ತರಾಗೆ ಓಡಿಸ್ತಾನಮ್ಮಾ? ಅದರಾಗೆ ಇಪ್ಪತ್ತೈದು ಮೂವತ್ತು ದಾಟಿದ್ರೆ ನನ್ನ ಮಗನ ಎದೆ ಡವಡವ ಅಂತಿತ್ತು. ಮನೆಗೆ ಬಂದು ದಿನಾ ಅದೇ ಹೇಳ್ತಿದ್ದ."

ಏಕನಾಥಮ್ಮ ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿದಳು.

"ಏನಂದೆ? ಇನ್ನೊಂದು ಸಲ ಹೇಳು."

"ಏನು ಹೇಳೋದು? ಹಿಂದಿನ ಎಡಗಾಲಿಗೆ ಬ್ರೇಕ್ ಆಯಿಲ್ ಸೋರ್ತಿತ್ತು. ಸಾಮಾನು ತರಿಸ್ಕೊಡ್ರಿ ಅಂತ ಸಾವ್ಕಾರ್ರನ್ನ ಕೇಳಿದ. ಬರೋ ವಾರ ಅಂದ್ರು. ಬರೋ ವಾರ ಬಂತು, ಅದರ ಬರೋ ವಾರನೂ ಬಂತು. ಇದ್ದ ಆಯಿಲ್ ಎಲ್ಲ ಸೋರಿ ಹೋದ್ರೆ ನಾಲ್ಕೂ ಗಾಲಿ ಬ್ರೇಕ್ ಹೋಗ್ತೈತಂತೆ. ಅದಕ್ಕೆ ಆ ಗಾಲಿಗೆ ಹೋಗೋ ಪೈಪು ಮಡಚಿ ಸುತ್ತಿಗೇಲಿ ಬಡಿದು ಮುಚ್ಚಿಬಿಟ್ಟ. ಡ್ರೈವರುಗಳು ಎಲ್ಲಾರೂ ಮಾಡ್ತಾರಂತೆ."

ಮಾಡುತ್ತಿದ್ದರು. ಹಿರಿಯೂರಿನ ಸುತ್ತ ಓಡುವ ಹಳೇ ಲಾರಿಗಳಲ್ಲಿ ಅರ್ಧದಷ್ಟು ಮೂರು ಗಾಲಿಯ ಬ್ರೇಕಿನ ಮೇಲೇ ಓಡುತ್ತಿದ್ದವು ಎಂಬುದು ಗ್ಯಾರೇಜಿನ ಮುಂದೆ ಓಡಾಡುವ ಎಲ್ಲರಿಗೂ ಗೊತ್ತು. ಪುಸ್ತಕ ಓದಿದ ಏಕನಾಥಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

"ಇದನ್ನ ದಿಲಾವರ್ ಪೋಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಸಾವ್ಕಾರ್ರು ಬ್ಯಾಡ ಅಂದ್ರಂತೆ. ಬ್ರೇಕಿಲ್ದ ಲಾರಿ ಓಡಿಸ್ದೆ ಅಂತ ನೀನೇ ಒಪ್ಪಿಕಂಡ್ರೆ ಲೈಸೆನ್ಸೂ ಹೋಗ್ತೈತೆ, ಜೈಲೂ ಆಗ್ತೈತೆ. ಬಾಯಿ ಮುಚ್ಕಂಡಿರು, ನಾನು ಬಿಡಿಸ್ತೀನಿ ಅಂದ್ರಂತೆ. ನಿನ್ನೆ ಜೈಲಿಗೆ ಹೋಗಿದ್ದಾಗ ಕಂಬಿ ಹಿಂದಿಂದ ಅಳ್ತಾ ಹೇಳಿದ."

ಏಕನಾಥಮ್ಮ ಎದ್ದು ಗೂಡಿನಲ್ಲಿದ್ದ ನೋಟ್ ಬುಕ್ಕು ತೆಗೆದಳು. ಅವಳ ಬೆರಳಿನ ಎಣ್ಣೆ ಹಾಳೆಗೆ ಹತ್ತಿತು. ಅವಳದೇ ಅಕ್ಷರ, ಅವಳದೇ ಚಿತ್ರ. ಬಲಗಡೆ ಜೋಡಿ ಗೆರೆ, ಎಡಗಡೆ ಜೋಡಿ ಗೆರೆ. ಲಾರಿಗೆ ಹಿಂದುಗಡೆ ಪ್ರತಿ ಬದಿಗೂ ಎರಡೆರಡು ಟೈರು. ಎರಡೂ ಬದಿಯ ಹಿಂದಿನ ಗಾಲಿ ಕಚ್ಚಿಕೊಂಡು ಜಾರಿದರೆ ಮಾತ್ರ ಎರಡೂ ಬದಿಗೆ ಜೋಡಿ ಗೆರೆ ಬೀಳುತ್ತದೆ.

ಎಡಗಾಲಿಗೆ ಬ್ರೇಕೇ ಇಲ್ಲದಿದ್ದರೆ ಎಡಕ್ಕೆ ಜೋಡಿ ಗೆರೆ ಎಳೆದವರು ಯಾರು?

ಚಿತ್ರದ ಕೆಳಗೆ ಇನ್ನೊಂದು ಸಾಲಿತ್ತು. 'ಬಲಗೆರೆ ಕೊನೆಯ ಹದಿನೆಂಟು ಅಡಿ ಹೆಚ್ಚು ಕಪ್ಪು, ಅಗಲವೂ ಹೆಚ್ಚು.' ಅವತ್ತು ಬರೆದು, ಬರೆದದ್ದನ್ನು ಮರೆತಿದ್ದಳು. ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಕೂತರೆ ಹಾಗೆಯೇ ಕಾಣುತ್ತದೆ. ಮೊದಲು ಒಂದು ಲಾರಿ ಎಪ್ಪತ್ತೆಂಟು ಅಡಿ ಜಾರಿ ನಿಂತಿದೆ. ಅದು ಹೋದ ಮೇಲೆ ಇನ್ನೊಂದು ಬಂದು, ಬರೀ ಬಲಗಾಲಿ ಕಚ್ಚಿ, ಹದಿನೆಂಟೇ ಅಡಿಯಲ್ಲಿ ನಿಂತಿದೆ.

ದಿಲಾವರ್ ಮೊದಲ ದಿನದಿಂದ ಹೇಳುತ್ತಿದ್ದದ್ದೂ ಅದೇ. ರಸ್ತೆ ಮೇಲೆ ಯಾರೋ ಬಿದ್ದಿದ್ದು ಕಂಡಿತು, ಬ್ರೇಕ್ ಹೊಡೆದೆ, ಇಳಿದು ನೋಡಿದೆ, ಅಷ್ಟರಲ್ಲಿ ಜನ ಬಂದು ಹೊಡೆದರು ಎಂದು.

ಅವಳು ಹಾಳೆಯ ಮೇಲಿನ ಸಮೀಕರಣವನ್ನೇ ದುರುಗುಟ್ಟಿ ನೋಡಿದಳು. ಲಾರಿಯ ತೂಕ ನಾಲ್ಕು ಸಾವಿರ ಕಿಲೋ ಎಂದು ಹಾಕಿ, ಐದು ಲಕ್ಷದ ಅರವತ್ತು ಸಾವಿರ ಜೂಲ್ ಕೆಲಸ ಎಂದು ಜಂಬದಿಂದ ಬರೆದಿದ್ದಳು. ಆದರೆ ತೂಕ ಎರಡೂ ಕಡೆ ಬರುತ್ತದೆ. ಶಕ್ತಿಯ ಕಡೆಯೂ ಅದೇ ತೂಕ, ಉಜ್ಜುವ ಕಡೆಯೂ ಅದೇ ತೂಕ. ಹೊಡೆದುಹಾಕಿದರೆ ಉಳಿಯುವುದು ವೇಗ ಮತ್ತು ದೂರ, ಅಷ್ಟೇ. ನಾಲ್ಕು ಟನ್ನಿನ ಲಾರಿಯಾದರೂ ಅಷ್ಟೇ, ಎಂಟು ಟನ್ನಿನದಾದರೂ ಅಷ್ಟೇ. ಎಷ್ಟು ವೇಗ ಎಂದು ಗೆರೆ ಹೇಳಿತ್ತು. ಯಾರ ವೇಗ ಎಂದು ಅದು ಹೇಳಿರಲೇ ಇಲ್ಲ. ಆ ಹೆಸರನ್ನು ತಾನೇ ತುಂಬಿದ್ದಳು.

"ಥೂ," ಎಂದಳು ಏಕನಾಥಮ್ಮ, ತನಗೇ.

"ನನಗಾ?"

"ನಿನಗಲ್ಲ. ಆ ಲಾರಿ ಎಲ್ಲೈತೆ ಈಗ?"

"ಠಾಣೆ ಅಂಗಳದಾಗೆ. ಆದ್ರೆ ಇವತ್ತು ಬಿಡಿಸ್ಕಂಡು ಹೋಗ್ತಾರಂತೆ ಸಾವ್ಕಾರ್ರು. ಕೋರ್ಟಿಂದ ಆರ್ಡರ್ ತಂದವ್ರೆ. ಸೀದಾ ಗ್ಯಾರೇಜಿಗಂತೆ."

ಗ್ಯಾರೇಜಿಗೆ ಹೋದರೆ ಹೊಸ ಪೈಪು ಬೀಳುತ್ತದೆ. ಹೊಸ ಪೈಪು ಬಿದ್ದರೆ ದಿಲಾವರ್ ಸತ್ಯ ಹೇಳಿದರೂ ಅದು ಕತೆಯಾಗುತ್ತದೆ. ಏಕನಾಥಮ್ಮ ಎಣ್ಣೆ ತಲೆಯನ್ನು ಹಾಗೇ ತುರುಬು ಕಟ್ಟಿದಳು. "ನಡಿ," ಎಂದಳು.

*

ಅವರು ಠಾಣೆ ಮುಟ್ಟಿದಾಗ ಲಾರಿಯ ಇಂಜಿನ್ನು ಆಗಲೇ ಗುರುಗುಡುತ್ತಿತ್ತು. ಠಾಣೆಯ ಜೀಪು ಡ್ರೈವರ್ ಚಿತ್ರಲಿಂಗಪ್ಪ ಅದನ್ನು ಗೇಟಿನವರೆಗೂ ತಂದುಕೊಡಲು ಹತ್ತಿ ಕೂತಿದ್ದ. ಜಗಲಿಯ ಬೆಂಚಿನ ಮೇಲೆ ಲಾರಿಯ ಮಾಲೀಕ, ತೆಂಗಿನಕಾಯಿ ಮಂಡಿಯ ತಿಪ್ಪೇರುದ್ರಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬಿಳಿ ಪಂಚೆ, ಬಿಳಿ ಜುಬ್ಬಾ, ಯಾರಿಗೂ ಏರು ದನಿಯಲ್ಲಿ ಮಾತಾಡಿದವನಲ್ಲ ಎಂದು ಹೆಸರು.

ಬೇವಿನ ಮರದ ಕೆಳಗೆ ಸತ್ತವನ ಹೆಂಡತಿ ನಿಂಗಕ್ಕ ಕೂತಿದ್ದಳು. ಗಂಡನ ಕಂಬಳಿ, ಕೋಲು ವಾಪಸ್ಸು ಕೊಡುತ್ತೇವೆ ಬಾ ಎಂದು ಠಾಣೆಯಿಂದ ಹೇಳಿ ಕಳಿಸಿದ್ದರು. ಅವಳ ಜೊತೆಗೆ ಮೈದುನ ಓಬಣ್ಣ. ಗುಡ್ಡಪ್ಪನ ಖಾಸಾ ತಮ್ಮ, ಈ ಕೇಸಿಗೆ ಇದ್ದ ಒಬ್ಬನೇ ಕಣ್ಣು ಸಾಕ್ಷಿ. ಲಾರಿ ಗಾಳಿಯ ಹಾಗೆ ಬಂದು ಅಣ್ಣನ ಮೇಲೆ ಹತ್ತಿತು ಎಂದು ಮಹಜರಿಗೆ ಹೆಬ್ಬೆಟ್ಟು ಒತ್ತಿದ್ದವನು.

ಏಕನಾಥಮ್ಮ ನೆಟ್ಟಗೆ ಹೋಗಿ ಲಾರಿಯ ಮೂತಿಯ ಮುಂದೆ ನಿಂತಳು.

"ಇಂಜಿನ್ ಆರಿಸಪ್ಪ ಚಿತ್ರಲಿಂಗಪ್ಪ."

ಅವನು ಕಿಟಕಿಯಿಂದ ತಲೆ ಹಾಕಿ ಸಾಹೇಬರ ಕಡೆ ನೋಡಿದ. ಶಿವಕುಮಾರಪ್ಪ ಮೆಟ್ಟಿಲಿಳಿದು ಬಂದ.

"ಏನ್ ಮೇಡಂ ಇದು? ಸರೀರಿ ಪಕ್ಕಕ್ಕೆ. ಕೋರ್ಟ್ ಆರ್ಡರ್ ಐತೆ."

"ಇರ್ಲಿ. ಲಾರಿ ಹೋಗೋದಿಲ್ಲ."

"ಹೋಗೋದಿಲ್ಲ ಅಂತ ಹೇಳಾಕೆ ನೀವ್ಯಾರು?"

"ನಿಮ್ಮ ಚಾರ್ಜ್‌ಶೀಟಿಗೆ ಲೆಕ್ಕ ಹಾಕಿಕೊಟ್ಟೋಳು. ಆ ಲೆಕ್ಕಕ್ಕೆ ನಾನು ಹಾಕಿದ ರುಜು ವಾಪಸ್ ತಗಳ್ತಿದೀನಿ. ಹತ್ತಿಸ್ಕಂಡು ಹೋಗೋದಿದ್ರೆ ಹೋಗ್ಲಿ. ನನ್ನ ತೂಕ ಅರವತ್ತೆರಡು ಕಿಲೋ. ಎಷ್ಟು ಬ್ರೇಕ್ ಹೊಡೀಬೇಕು ಅಂತ ಚಿತ್ರಲಿಂಗಪ್ಪನೇ ಲೆಕ್ಕ ಹಾಕ್ಲಿ."

ಚಿತ್ರಲಿಂಗಪ್ಪ ಇಂಜಿನ್ನು ಆರಿಸಿಬಿಟ್ಟ.

ತಿಪ್ಪೇರುದ್ರಪ್ಪ ಎಲೆ ಮಡಚಿ ಬಾಯಿಗಿಟ್ಟು ಮೆಲ್ಲಗೆ ಎದ್ದು ಬಂದ. "ಮೇಡಮ್ಮೋರೇ, ಮೊನ್ನೆ ಒಂದು ಹೇಳಿದ್ರಿ, ಇವತ್ತೊಂದು ಹೇಳ್ತೀರಿ. ನಾಳೆ ಸ್ಕೂಲಿನಾಗೆ ಎರಡೆರಡ್ಲ ಐದು ಅಂತ ಹೇಳಿಕೊಟ್ರೆ ಮಕ್ಕಳ ಗತಿ ಏನು?"

ಜಗಲಿಯ ಮೇಲಿದ್ದ ಪೋಲೀಸಿನವರು ಕಿಸಕ್ಕನೆ ನಕ್ಕರು. ಏಕನಾಥಮ್ಮನ ಕಿವಿ ಬಿಸಿಯಾಯಿತು.

"ಎರಡೆರಡ್ಲ ನಾಲ್ಕೇ, ಯಜಮಾನ್ರೇ. ಲೆಕ್ಕ ಸರಿಯಾಗೇ ಐತೆ. ಲಾರಿ ತಪ್ಪು. ಅಲ್ಲಿ ಅರವತ್ತರಾಗೆ ಬಂದ ಲಾರಿ ಇದಲ್ಲ. ಇದಕ್ಕೆ ಎಡಗಡೆ ಹಿಂದಿನ ಬ್ರೇಕೇ ಇಲ್ಲ."

ತಿಪ್ಪೇರುದ್ರಪ್ಪನ ದವಡೆ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

"ಯಾರು ಹೇಳಿದ್ದು?"

"ನಿಮಗೆ ಹೇಳಿದೋನೇ. ಬರೋ ವಾರ ಬರೋ ವಾರ ಅಂತ ನೀವು ಸಾಗಹಾಕಿದ್ರಲ್ಲ, ಅವನೇ."

ಶಿವಕುಮಾರಪ್ಪ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಅವನು ಕೆಟ್ಟವನಲ್ಲ. ಆದರೆ ಮುಗಿದ ಕೇಸು ಮತ್ತೆ ಬಾಯಿ ತೆರೆಯುವುದು ಯಾವ ಪೋಲೀಸಿನವನಿಗೂ ಬೇಡವಾದ ವಿಷಯ. "ಹಂಗಿದ್ರೆ ಇನ್ನೂ ದೊಡ್ಡ ತಪ್ಪಾಯ್ತಲ್ಲ ಮೇಡಂ," ಎಂದ. "ಬ್ರೇಕಿಲ್ದ ಲಾರಿ ಓಡಿಸಿ ಮನುಷ್ಯನ್ನ ಕೊಂದ. ಇನ್ನೊಂದು ಸೆಕ್ಷನ್ ಸೇರಿಸ್ತೀನಿ."

"ಸೇರಿಸ್ರಿ. ಬ್ರೇಕಿಲ್ದ ಲಾರಿ ಓಡಿಸಿದ ತಪ್ಪಿಗೆ ಏನು ಶಿಕ್ಷೆಯೋ ಅವನು ತಗಳ್ಳಿ. ಕೊಂದ ತಪ್ಪು ಕೊಂದೋನಿಗೇ ಹೋಗ್ಲಿ. ಬಾಯಿ ಮಾತು ಬ್ಯಾಡ, ಠಾಣೆ ಮುಂದೆ ಟಾರು ರಸ್ತೆ ಐತೆ. ಒಂದೇ ಸಲ ಓಡಿಸಿ ಬ್ರೇಕ್ ಹೊಡೀಲಿ. ಎರಡೂ ಕಡೆ ಜೋಡಿ ಗೆರೆ ಬಿತ್ತು ಅಂದ್ರೆ ಸಂತೆ ದಿನ ಈ ಗೇಟಿನ ಮುಂದೆ ನಿಂತು ನನಗೆ ವಿಜ್ಞಾನ ಬರೋದಿಲ್ಲ ಅಂತ ಕೂಗಿ ಹೇಳ್ತೀನಿ."

ಅಷ್ಟರಲ್ಲಿ ಗೇಟಿನ ಹೊರಗೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಅಷ್ಟು ಜನರ ಮುಂದೆ ಬೇಡ ಎನ್ನಲು ಶಿವಕುಮಾರಪ್ಪನಿಗೆ ಮುಖವಿರಲಿಲ್ಲ. ತಿಪ್ಪೇರುದ್ರಪ್ಪ ಏನೋ ಹೇಳಲು ಬಾಯಿ ತೆರೆದ. ಎಲೆ ರಸ ಅಡ್ಡ ಬಂತು.

"ಒಂದೇ ಸಲ," ಎಂದ ಸಬ್ ಇನ್‌ಸ್ಪೆಕ್ಟರು.

*

ಪೇದೆಗಳು ಎರಡೂ ಕಡೆಯ ಗಾಡಿಗಳನ್ನು ತಡೆದರು. ಚಿತ್ರಲಿಂಗಪ್ಪ ಲಾರಿಯನ್ನು ದೂರಕ್ಕೆ ಒಯ್ದು ತಿರುಗಿಸಿದ. ವೇಗದ ಮುಳ್ಳು ಮೂವತ್ತು ಮುಟ್ಟಿದ ಕೂಡಲೇ, ಸುಣ್ಣದಲ್ಲಿ ಎಳೆದ ಗುರುತಿನ ಹತ್ತಿರ, ಎರಡೂ ಕಾಲಿನಲ್ಲಿ ತುಳಿದಂತೆ ಬ್ರೇಕ್ ಹೊಡೆಯಬೇಕು ಎಂದು ಏಕನಾಥಮ್ಮ ಅವನಿಗೆ ಮೂರು ಸಲ ಹೇಳಿದ್ದಳು.

ಲಾರಿ ಬಂತು. ಟೈರು ಕಿರುಚಿತು. ಲಾರಿ ಬಲಕ್ಕೆ ಮೂತಿ ತಿರುವಿ, ಸೊಂಟ ಮುರಿದ ಎತ್ತಿನ ಹಾಗೆ ಓರೆಯಾಗಿ ನಿಂತಿತು. ಚಿತ್ರಲಿಂಗಪ್ಪ ಇಳಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಇದರವ್ವನ. ಸ್ಟೇರಿಂಗ್ ಕೈಯಾಗೇ ನಿಲ್ಲಲಿಲ್ಲ, ಸಾರ್. ಬಲಕ್ಕೆ ಎಳ್ಕಂಡು ಹೋತು. ಇದರಾಗೆ ಅರವತ್ತು ಓಡಿಸಿ ಬ್ರೇಕ್ ಹೊಡದ್ರೆ ಮಗುಚಿಕೊಳ್ತೈತೆ."

ರಸ್ತೆಯ ಮೇಲೆ ಬಲಗಡೆ ಎರಡು ಕಪ್ಪು ಪಟ್ಟಿ. ಎಡಗಡೆ ಹಿಂದಿನ ಜೋಡಿ ಟೈರು ಧೂಳಿನ ಮೇಲೆ ಉರುಳಿದ ಹೂವಿನ ಗುರುತು, ಅಷ್ಟೇ. ಉಜ್ಜಿದ ಕಲೆ ಒಂದು ಗೇಣೂ ಇರಲಿಲ್ಲ.

ಏಕನಾಥಮ್ಮ ನೋಟ್ ಬುಕ್ಕು ಬಿಡಿಸಿ ಸಬ್ ಇನ್‌ಸ್ಪೆಕ್ಟರನ ಮೂಗಿನ ಕೆಳಗೆ ಹಿಡಿದಳು. "ಅಲ್ಲಿ ಬಿದ್ದಿದ್ದ ಗೆರೆ ನೂಲು ಹಿಡಿದಂಗೆ ನೆಟ್ಟಗಿತ್ತು. ನಿಮ್ಮ ಮಹಜರಿನಾಗೂ ಹಂಗೇ ಬರೆದೀರಿ. ಎರಡೂ ಕಡೆ ಜೋಡಿ ಅಂತಲೂ ಬರೆದೀರಿ. ಈ ಲಾರಿ ಹಂಗೆ ಎಳೆಯೋಕೆ ಸಾಧ್ಯನಾ?"

"ಬ್ರೇಕು ಆ ಹೊತ್ತಿಗೇ ಕಿತ್ತೋಗಿರಬೋದು," ಎಂದ ತಿಪ್ಪೇರುದ್ರಪ್ಪ ಹಿಂದಿನಿಂದ. "ಗುದ್ದಿದ ಏಟಿಗೆ."

"ಹೌದಲ್ಲ," ಎಂದ ಶಿವಕುಮಾರಪ್ಪ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಆ ಮಾತು ಹಿಡಿದ. "ಆಮೇಲೆ ಆಗಿರಬೋದು."

ಏಕನಾಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಊರಿನ ಗಂಡಸರೆಲ್ಲ ನೋಡುತ್ತಿರುವಂತೆ, ನಲವತ್ತೆರಡು ವರ್ಷದ ಹೈಸ್ಕೂಲು ಟೀಚರು ರಸ್ತೆಯ ಮೇಲೆ ಅಂಗಾತ ಮಲಗಿ ಲಾರಿಯ ಅಡಿಗೆ ತೂರಿದಳು.

"ಚಿತ್ರಲಿಂಗಪ್ಪ, ಬಾರಪ್ಪ ನೀನೂ. ನಾಳೆ ಇವಳೇ ಬಡಿದಳು ಅಂತಾರೆ."

ಅವನೂ ತೂರಿದ. ಒಳಗಿನಿಂದ ಅವನ ದನಿ ಬಂತು.

"ಪೈಪು ಮಡಚಿ ಬಡದವ್ರೆ, ಸಾರ್. ಎರಡು ಮಡಿಕೆ. ಸುತ್ತಿಗೆ ಏಟು ಎದ್ದು ಕಾಣ್ತೈತೆ. ಕಿತ್ತೋಗಿರೋದಲ್ಲ."

"ಮೇಲೆ ಏನೈತೆ ಅದನ್ನೂ ಹೇಳು," ಎಂದಳು ಏಕನಾಥಮ್ಮ.

"ಮಡ್ಡಿ ಐತೆ ಸಾರ್. ಆಯಿಲ್ಲು ಧೂಳು ಸೇರಿ ಒಣಗಿ ಗಟ್ಟಿ ಆಗೈತೆ. ಉಗುರಿಗೆ ಬರ್ತಾ ಇಲ್ಲ. ತಿಂಗಳ ಹಿಂದಿನ ಕೆಲಸ ಇದು."

ಅವಳು ಹೊರಗೆ ಬಂದಳು. ಬೆನ್ನಿಗೆ ಟಾರು, ಕೆನ್ನೆಗೆ ಕರಿ ಎಣ್ಣೆ. ಯಾರೂ ನಗಲಿಲ್ಲ.

"ಹನ್ನೆರಡು ದಿನದಿಂದ ಲಾರಿ ನಿಮ್ಮ ಅಂಗಳದಾಗೆ ನಿಂತೈತೆ, ಸಾಹೇಬ್ರೇ. ನಿಂತ ಲಾರಿಗೆ ರಸ್ತೆ ಧೂಳು ಹತ್ತೋದಿಲ್ಲ. ಬಡಿದಿದ್ದು ಗುಡ್ಡಪ್ಪ ಸಾಯೋಕೆ ಮುಂಚೆ. ದಿಲಾವರ್ ಎಳೆದ ಗೆರೆ ಹದಿನೆಂಟು ಅಡಿ. ನಾಲ್ಕೂ ಗಾಲಿ ಹಿಡಿದಿತ್ತು ಅಂತ ಇಟ್ಕಂಡ್ರೂ ಇಪ್ಪತ್ತೊಂಬತ್ತು ಕಿಲೋಮೀಟರು ವೇಗ. ಮೂರೇ ಅಂದ್ರೆ ಇನ್ನೂ ಕಡಿಮೆ. ಅರವತ್ತರಾಗೆ ಬಂದೋನು ಬೇರೆ. ಅವನು ನಿಂತ, ನೋಡಿದ, ಹೋದ."

ಶಿವಕುಮಾರಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆಮೇಲೆ, ಅವತ್ತು ಮೊದಲ ಸಲ, ಪೋಲೀಸಿನವನ ಹಾಗೆ ತಿಪ್ಪೇರುದ್ರಪ್ಪನ ಕಡೆ ತಿರುಗಿದ.

"ಯಜಮಾನ್ರೇ, ನಿಮ್ಮದು ಇನ್ನೊಂದು ಲಾರಿ ಐತಲ್ಲ. ಎಲ್ಲೈತೆ?"

"ಹೊಸದುರ್ಗದ ಕಡೆ ಹೋಗೈತೆ. ಕೊಬ್ಬರಿ ಲೋಡಿಗೆ."

"ಯಾವಾಗಿಂದ?"

"ಹೋಗ್ತೈತೆ, ಬರ್ತೈತೆ. ತಾರೀಖು ಯಾರು ನೆನಪಿಟ್ಕಂತಾರೆ? ರಸ್ತೆ ಮೇಲೆ ಸಾವಿರ ಲಾರಿ ಓಡಾಡ್ತಾವೆ ಸಾಹೇಬ್ರೇ. ನನ್ನ ಲಾರೀನೇ ಯಾಕೆ ಕೇಳ್ತೀರಿ?"

"ದಿಲಾವರನ ಬಾಯಿ ಮುಚ್ಚಿಸಿದೋರು ನೀವೇ ಅದಕ್ಕೆ," ಎಂದಳು ಏಕನಾಥಮ್ಮ. "ಸಾವಿರ ಲಾರಿ ಮಾಲೀಕರು ಜೈಲಿಗೆ ಹೋಗಿ ಅವನಿಗೆ ಬುದ್ಧಿ ಹೇಳಿಲ್ಲ."

*

ಇಷ್ಟು ಹೊತ್ತೂ ಒಬ್ಬನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಏಕನಾಥಮ್ಮ ಅವನ ಹತ್ತಿರ ಹೋದಳು.

ಓಬಣ್ಣ ಬೇವಿನ ಬುಡಕ್ಕೆ ಒರಗಿ ಕಾಲಿನ ಉಂಗುಟದಲ್ಲಿ ನೆಲ ಕೆರೆಯುತ್ತಿದ್ದ. ಮೂವತ್ತು ವರ್ಷದ ಗಟ್ಟಿ ಆಳು. ಅವನ ಕುರಿ ಮಂದೆ ಹೋದ ತಿಂಗಳಿನಿಂದ ತಿಪ್ಪೇರುದ್ರಪ್ಪನ ತೆಂಗಿನ ತೋಟದಲ್ಲೇ ಬೀಡುಬಿಟ್ಟಿತ್ತು. ಕುರಿ ರಾತ್ರಿ ತೋಟದಲ್ಲಿ ಮಲಗಿದರೆ ತೋಟಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು, ಹೊಳೆ ಬತ್ತಿದ ಬೇಸಗೆಯಲ್ಲಿ ಬಾವಿಯ ನೀರು. ಆ ನೀರು ನಿಂತರೆ ಅವನು ಮಂದೆ ಹೊಡೆದುಕೊಂಡು ಎಲ್ಲಿಗೆ ಹೋಗಬೇಕು? ಅದು ಏಕನಾಥಮ್ಮನಿಗೂ ಗೊತ್ತಿತ್ತು. ಆದರೂ ಕೇಳಿದಳು.

"ಓಬಣ್ಣ, ಅವತ್ತು ಬ್ರೇಕ್ ಕಿರುಚಿದ್ದು ಎಷ್ಟು ಸಲ ಕೇಳಿದೆ?"

ಅವನು ತಲೆ ಎತ್ತಲಿಲ್ಲ.

"ಹೇಳಿದೀನಲ್ಲ ಮೇಡಮ್ಮೋರೇ. ಹೆಬ್ಬೆಟ್ಟು ಒತ್ತೀನಿ."

"ಹೆಬ್ಬೆಟ್ಟು ಕೇಳ್ತಿಲ್ಲ. ಕಿವಿ ಕೇಳ್ತಿದೀನಿ."

ತಿಪ್ಪೇರುದ್ರಪ್ಪ ಕೆಮ್ಮಿದ. ಸಣ್ಣ ಕೆಮ್ಮು, ಎಲೆ ರಸ ಗಂಟಲಿಗೆ ಇಳಿದವನ ಕೆಮ್ಮು. ಓಬಣ್ಣನ ಉಂಗುಟ ನೆಲದ ಮೇಲೆ ನಿಂತಿತು.

ಆಗ ನಿಂಗಕ್ಕ ಎದ್ದಳು. ಗಂಡನ ಕಂಬಳಿ ಅವಳ ಹೆಗಲ ಮೇಲಿತ್ತು. ಹನ್ನೆರಡು ದಿನದಲ್ಲಿ ಅವಳು ಯಾರ ಹತ್ತಿರವೂ ನಾಲ್ಕು ಮಾತು ಆಡಿದ್ದಿಲ್ಲ. ಮೈದುನನ ಎದುರಿಗೆ ಹೋಗಿ ನಿಂತಳು.

"ನಿನ್ನ ಎತ್ತಿ ಆಡಿಸಿದೋನು ಅವನು. ನಿನಗೆ ಕುರಿ ಕೊಡಿಸಿದೋನು ಅವನು. ಈವಮ್ಮನ ಮಗ ಕೊಂದಿದ್ರೆ ಕೊಂದ ಅನ್ನು, ನಾನು ಸುಮ್ನಾಗ್ತೀನಿ. ಇಲ್ಲ ಅಂದ್ರೆ ಯಾರ ಮಗ ಅಂತ ಹೇಳು. ನಿಮ್ಮಣ್ಣನ ಹತ್ರ ಬಂದಿದ್ದು ಎಷ್ಟು ಲಾರಿ?"

ಇಮಾಂಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಓಬಣ್ಣ ತಲೆ ಎತ್ತಿದ. ಕಣ್ಣು ಕೆಂಡವಾಗಿತ್ತು.

"ಎಲ್ಡು, ಅತ್ಗೆ."

ಶಿವಕುಮಾರಪ್ಪ ಜನರನ್ನು ಸರಿಸಿ ಹತ್ತಿರ ಬಂದ.

"ಮೊದಲನೇದು ನಿಂತು ಹೋತು. ಇವರ ಮಗ ಬಂದಿದ್ದು ಆಮ್ಯಾಕೆ. ಅವನು ಇಳಿದು ನಮ್ಮಣ್ಣನ ಬಾಯಿಗೆ ನೀರು ಬಿಟ್ಟ. ನಾನು ಬಂದೋನೇ ಅವನಿಗೆ ಹೊಡೆದೆ. ಯಾಕೆ ಹೊಡೆದ್ನೋ. ಮೊದಲನೇ ಲಾರಿ ಮೇಲೆ ಕೈ ಎತ್ತಾಕೆ ಆಗ್ಲಿಲ್ಲ, ಇವನಿಗೆ ಹೊಡೆದೆ."

"ಮೊದಲನೇದು ಓಡಿಸ್ತಿದ್ದೋನು ಯಾರು?" ಎಂದ ಶಿವಕುಮಾರಪ್ಪ. "ಮುಖ ನೋಡಿದ್ಯಾ?"

"ನೋಡೀನಿ. ಮುಖ ನೋಡೀನಿ, ಮಾತೂ ಕೇಳೀನಿ."

"ಯಾರು?"

ಓಬಣ್ಣ ಬಿಸಿಲಿನ ಕಡೆ ನೋಡಿದ. ಹೊತ್ತು ನೆತ್ತಿಗೆ ಬರುತ್ತಿತ್ತು. ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ಮಾತಾಡಿದಾಗ ಅವನ ದನಿಯಲ್ಲಿ ಅಳುಕಿರಲಿಲ್ಲ.

"ಕುರಿ ರೊಪ್ಪದಾಗೇ ಅವೆ. ಬೆಳಗ್ಗಿಂದ ನೀರು ಕಂಡಿಲ್ಲ. ಇವತ್ತು ಹೆಸರು ಹೇಳಿದ್ರೆ ನಾಳೆ ಆ ಬಾವಿ ನೀರು ನನಗಿಲ್ಲ. ಇವತ್ತಿನ ನೀರು ಕುಡಿಸಿ, ಮಂದೆ ತೋಟದಿಂದ ಆಚೆ ಹೊಡೆದು ಬಂದು ಹೇಳ್ತೀನಿ. ಹಿಂದೆ ಅಲ್ಲ, ಸಾವ್ಕಾರ್ರ ಮುಂದೇನೇ ಹೇಳ್ತೀನಿ. ಅವರನ್ನ ಎಲ್ಲಿಗೂ ಕಳಿಸಬ್ಯಾಡ್ರಿ."

ತಿಪ್ಪೇರುದ್ರಪ್ಪ ನಕ್ಕ. "ನಾನೆಲ್ಲಿಗೆ ಹೋಗ್ಲಪ್ಪ? ಇಲ್ಲೇ ಕುಂತಿರ್ತೀನಿ. ಹೋಗಿ ಬಾ."

ಈಗಲೇ ಹೇಳಿಸಬೇಕು, ಒಬ್ಬ ಪೇದೆಯನ್ನಾದರೂ ಜೊತೆಗೆ ಕಳಿಸಬೇಕು ಎಂದು ಏಕನಾಥಮ್ಮನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಆಡಲಿಲ್ಲ. ಶಿವಕುಮಾರಪ್ಪನೂ ಕುರಿಗಾರರ ಮನೆಯಲ್ಲೇ ಹುಟ್ಟಿದವನು. ಬಾಯಾರಿದ ಕುರಿಗೆ ನೀರು ಕುಡಿಸಿ ಬರುತ್ತೇನೆ ಎಂದವನನ್ನು ತಡೆಯುವ ಎದೆ ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ. ಮಾತು ಕೊಟ್ಟವನ ಹಿಂದೆ ಪೋಲೀಸು ಬಿಡುವುದೂ ಮರ್ಯಾದೆಯಾಗಿರಲಿಲ್ಲ. ತೋಟವೇನು ದೂರವೇ? ಹೊಳೆ ದಂಡೆ, ಅರ್ಧ ಮೈಲಿ.

"ಒಂದು ಗಂಟೆ ಟೈಮು," ಎಂದ ಶಿವಕುಮಾರಪ್ಪ.

ಓಬಣ್ಣ ಇಮಾಂಬೀಯ ಮುಂದೆ ಒಂದು ಕ್ಷಣ ನಿಂತ. ಅವಳ ಕಾಲಿನ ಕಡೆ ಬಗ್ಗಿ ನೆಲ ಮುಟ್ಟಿದ. ಗೇಟು ದಾಟಿದ. ಜನ ದಾರಿ ಬಿಟ್ಟರು.

*

ಹನ್ನೆರಡಾಯಿತು. ಒಂದಾಯಿತು. ತಿಪ್ಪೇರುದ್ರಪ್ಪ ಬೆಂಚು ಬಿಟ್ಟು ಏಳಲಿಲ್ಲ. ಯಾರನ್ನೂ ಹತ್ತಿರ ಕರೆಯಲಿಲ್ಲ, ಯಾರಿಗೂ ಸನ್ನೆ ಮಾಡಲಿಲ್ಲ. ಓಬಣ್ಣನ ಮಾತನ್ನು ಗೇಟಿನ ಹೊರಗಿನ ಜನವೆಲ್ಲ ಕೇಳಿಯಾಗಿತ್ತು, ಅವರಲ್ಲಿ ಅವನ ಮಂಡಿಯ ಆಳುಗಳೂ ಇದ್ದರು. ಏಕನಾಥಮ್ಮ ಎದುರಿಗೇ ಕುಳಿತು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಎಲೆ ಮೆಲ್ಲುತ್ತಿದ್ದ.

ಎರಡು ಗಂಟೆಗೆ ಅವಳು ಎದ್ದಳು. "ಜೀಪು ತೆಗೀರಿ."

ತಿಪ್ಪೇರುದ್ರಪ್ಪನನ್ನು ಕಾಯಲು ಇಬ್ಬರು ಪೇದೆಗಳನ್ನು ಬಿಟ್ಟು, ಸಬ್ ಇನ್‌ಸ್ಪೆಕ್ಟರು, ಏಕನಾಥಮ್ಮ, ನಿಂಗಕ್ಕ ತೋಟಕ್ಕೆ ಹೋದರು. ದಾರಿಯಲ್ಲಿ ಓಬಣ್ಣ ಎದುರಾಗಲಿಲ್ಲ. ಅವನು ಹೊಳೆಯ ಕಡೆ ಇಳಿದದ್ದನ್ನು ನೋಡಿದವರಿದ್ದರು. ಹತ್ತಿ ಬಂದದ್ದನ್ನು ನೋಡಿದವರಿರಲಿಲ್ಲ.

ಕುರಿಯ ಕೂಗು ದೂರದಿಂದಲೇ ಕೇಳಿತು.

ರೊಪ್ಪದ ಮುಳ್ಳಿನ ಬಾಗಿಲು ಬೆಳಿಗ್ಗೆ ಕಟ್ಟಿದ ಹಾಗೇ ಇತ್ತು. ಹಗ್ಗದ ಗಂಟು ಬಿಚ್ಚಿರಲಿಲ್ಲ. ಒಳಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ನಾಲಿಗೆ ಹೊರಗೆ ಹಾಕಿ ತೇಕುತ್ತಿದ್ದವು. ನೀರಿನ ತೊಟ್ಟಿ ಒಣಗಿತ್ತು.

ಶಿವಕುಮಾರಪ್ಪ ಓಬಣ್ಣನ ಹೆಸರು ಹಿಡಿದು ನಾಲ್ಕು ದಿಕ್ಕಿಗೂ ಕೂಗಿದ. "ಹೆದರಿ ಓಡಿಹೋದ್ನೇನೋ, ಮೇಡಂ," ಎಂದ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ಮನುಷ್ಯರಿಗೆ ಹೆದರಿ ಓಡ್ಯಾನು," ಎಂದಳು ನಿಂಗಕ್ಕ. "ಕುರಿ ಸಾಯಾಕೆ ಬಿಟ್ಟು ಓಡೋ ಮಗ ಅಲ್ಲ."

ಅವಳು ಹಗ್ಗ ಬಿಚ್ಚಿ ಬಾಗಿಲು ಎಳೆದಳು. ಮಂದೆ ಧೂಳೆಬ್ಬಿಸಿ ಅವಳನ್ನು ತಳ್ಳಿಕೊಂಡು ಹೊಳೆಯ ಗುಂಡಿಯಲ್ಲಿ ಉಳಿದಿದ್ದ ನೀರಿನ ಕಡೆ ಓಡಿತು. ಏಕನಾಥಮ್ಮ ಹೊತ್ತು ಮುಳುಗುವವರೆಗೂ ದಂಡೆಯ ಮೇಲೆ ನಿಂತಿದ್ದಳು. ಕುರಿಗಳು ಕುಡಿದವು, ಮತ್ತೆ ಕುಡಿದವು, ತಾವಾಗಿಯೇ ತಿರುಗಿ ಬಂದು ರೊಪ್ಪದ ಮುಂದೆ ಕಾದು ನಿಂತವು. ಓಬಣ್ಣ ಬರಲಿಲ್ಲ.